ಐದನೆಯ ಹಳ್ಳಿ ಏಕೆ ಬೀಳಲಿಲ್ಲ? ತಂಡದ ಯುದ್ಧಯೋಜನೆಯಲ್ಲಿ ಅದೃಷ್ಟದ ಲೆಕ್ಕ

ಕಾಳಿತೀರ (ಕಾರವಾರ)

ನಮ್ಮ ತಂಡ ನಿನ್ನೆ ರಾತ್ರಿ ಆನ್‌ಲೈನ್ ಆಟದಲ್ಲಿ ಮಾಡಿದ ದಾಳಿಯ ಬಗ್ಗೆ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದ ಕೆಲವು ಮಾತುಗಳು ನನಗೆ ಸರಿ ಕಾಣಲಿಲ್ಲ. ಅಲ್ಲಿ ರಾಶಿ ಸಂದೇಶಗಳ ನಡುವೆ ವಿಷಯವೇ ಕಳೆದುಹೋಗುತ್ತದೆ. ಆದ್ದರಿಂದ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ, ಉತ್ತರವನ್ನೂ ಇಲ್ಲಿಯೇ ಕೊಡಿ.

ಹೊಸದಾಗಿ ಸೇರಿದವರಿಗೆ ಹಿನ್ನೆಲೆ: ನಾವು ಆಡುವುದು ಟ್ರೈಬಲ್ ವಾರ್ಸ್ ಮಾದರಿಯ, ಹಳ್ಳಿ ಕಟ್ಟಿ ಹಳ್ಳಿ ಗೆಲ್ಲುವ ಆಟ. ಎದುರಾಳಿಯ ಹಳ್ಳಿಯನ್ನು ವಶಪಡಿಸಿಕೊಳ್ಳಲು ಮೊದಲು ಅಲ್ಲಿನ ಕಾವಲು ಪಡೆಯನ್ನು ಅಳಿಸಬೇಕು. ಅದರ ಬೆನ್ನಿಗೇ ವಿಶೇಷ ಪಡೆಯಾದ ನೋಬಲ್‌ಗಳನ್ನು ಕಳಿಸಿ ಹಳ್ಳಿಯ ನಿಷ್ಠೆಯನ್ನು 100ರಿಂದ ಸೊನ್ನೆಗೆ ಇಳಿಸಬೇಕು. ಒಂದು ನೋಬಲ್ ಎಷ್ಟು ಇಳಿಸುತ್ತದೆ ಎನ್ನುವುದು ಕಳಿಸಿದವರ ಕೈಯಲ್ಲಿಲ್ಲ. 20ರಿಂದ 35ರ ನಡುವೆ ಒಂದು ಸಂಖ್ಯೆಯನ್ನು ಆಟವೇ ಆರಿಸುತ್ತದೆ.

ನಾವು ಐದು ಹಳ್ಳಿಗಳನ್ನು ಗುರಿಯಾಗಿಸಿ ತಲಾ ನಾಲ್ಕು ನೋಬಲ್ ಕಳಿಸಿದೆವು. ನಾಲ್ಕು ಹಳ್ಳಿಗಳು ನಮ್ಮದಾದವು. ಐದನೆಯದರಲ್ಲಿ ಮೊದಲ ಮೂರು ನೋಬಲ್‌ಗಳಿಗೆ 23, 27, 24 ಬಂತು, ಕೊನೆಯದಕ್ಕೆ 20. ನಿಷ್ಠೆ 6ಕ್ಕೆ ನಿಂತಿತು. ಬೆಳಗಾಗುವಷ್ಟರಲ್ಲಿ ಎದುರಾಳಿಗಳು ಅಲ್ಲಿಗೆ ಸಹಾಯದ ಸೇನೆ ತುಂಬಿಸಿದ್ದಾರೆ.

ಕೊನೆಯ ನೋಬಲ್ ಕಳಿಸಿದ್ದು ಹೊನ್ನಾವರದ ನಮ್ಮ ಹುಡುಗ. ಅವನನ್ನು ಮುಂದಿನ ದಾಳಿಯಿಂದ ಕೈಬಿಡಬೇಕು ಎಂದು ಮೂವರು ಬರೆದಿದ್ದಾರೆ. ಅವನ ಪಡೆ ಕೊಟ್ಟ ಸೆಕೆಂಡಿಗೆ ಸರಿಯಾಗಿ ತಲುಪಿದೆ. ಜೊತೆಗೆ ಕಳಿಸಬೇಕಾದ ಬೆಂಗಾವಲನ್ನೂ ಕಳಿಸಿದ್ದಾನೆ. ಇನ್ನೇನು ಮಾಡಬೇಕಿತ್ತು ಎಂದು ಯಾರಾದರೂ ಹೇಳುತ್ತೀರಾ? ಆಟ ಆರಿಸಿದ ಸಂಖ್ಯೆಯನ್ನು ಒಬ್ಬ ಹುಡುಗನ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ.

ಹೆದ್ದಾರಿ66 (ಅಂಕೋಲಾ)

ಅವನನ್ನು ಕೈಬಿಡಿ ಎಂದ ಮೂವರಲ್ಲಿ ನಾನೂ ಒಬ್ಬ. ಹಿಂದೆ ನಿಂತು ಮಾತನಾಡುವವನಲ್ಲ, ಆದ್ದರಿಂದ ಇಲ್ಲಿಯೂ ಹೇಳುತ್ತೇನೆ. ಆ ಐದನೆಯ ಹಳ್ಳಿ ಅವರ ಇಡೀ ದಕ್ಷಿಣದ ಸಾಲಿಗೆ ಬಾಗಿಲು ಇದ್ದಂತೆ. ಅದು ಸಿಗದಿದ್ದರೆ ಉಳಿದ ನಾಲ್ಕನ್ನು ಉಳಿಸಿಕೊಳ್ಳುವುದೂ ಕಷ್ಟ. ಒಂದು ಹಳ್ಳಿಗೆ ನಾಲ್ಕು ನೋಬಲ್ ಎಂಬುದು ಎಲ್ಲ ತಂಡಗಳೂ ಪಾಲಿಸುವ ಲೆಕ್ಕ. ನಾಲ್ಕು ಕಳಿಸಿದರೆ ಬೀಳಬೇಕು. ಈ ಹಿಂದೆಯೂ ಅವನ ನೋಬಲ್‌ಗೆ ಕಡಿಮೆ ಬಂದದ್ದು ನನಗೆ ನೆನಪಿದೆ.

ಇನ್ನೂ ಒಂದು ಮಾತು. ವಾರಗಟ್ಟಲೆ ನಾಣ್ಯ ಕೂಡಿಟ್ಟು, ನಿದ್ದೆಗೆಟ್ಟು, ಸೆಕೆಂಡು ಹೊಂದಿಸಿ ಕಳಿಸಿದ ಸೇನೆಯ ಹಣೆಬರಹವನ್ನು ಕೊನೆಯ ಕ್ಷಣದಲ್ಲಿ ಯಂತ್ರ ಬರೆಯುವುದಾದರೆ ಯೋಜನೆ ಏತಕ್ಕೆ? ಯುದ್ಧದ ಆಟದಲ್ಲಿ ಅದೃಷ್ಟಕ್ಕೆ ಜಾಗವೇ ಇರಬಾರದು.

ಗಣಿತ ಮಾಸ್ತರ (ಕುಮಟಾ)

‘ನಾಲ್ಕು ಕಳಿಸಿದರೆ ಬೀಳಬೇಕು’ ಎನ್ನುವುದನ್ನು ಮೊದಲು ಪರೀಕ್ಷಿಸೋಣ. ಟ್ರೈಬಲ್ ವಾರ್ಸ್‌ನ ನಿಯಮವನ್ನೇ ತೆಗೆದುಕೊಳ್ಳುತ್ತೇನೆ. 20ರಿಂದ 35ರವರೆಗೆ ಒಟ್ಟು 16 ಸಂಖ್ಯೆಗಳಿವೆ. ಪ್ರತಿಯೊಂದೂ ಬರುವ ಸಾಧ್ಯತೆ ಸಮಾನ ಎಂದು ಇಟ್ಟುಕೊಳ್ಳಿ. ನಾಲ್ಕು ನೋಬಲ್‌ಗಳಿಗೆ 16×16×16×16, ಅಂದರೆ 65,536 ಬಗೆಯ ಫಲಿತಾಂಶಗಳು ಬರಬಹುದು. ಅವುಗಳಲ್ಲಿ ಮೊತ್ತ 100 ಮುಟ್ಟದೆ ಉಳಿಯುವವು 8,715. ಭಾಗಿಸಿದರೆ ಶೇ. 13.3.

ನೂರು ಹಳ್ಳಿಗಳಿಗೆ ನಾಲ್ಕರಂತೆ ಕಳಿಸಿದರೆ ಸುಮಾರು 87 ಬೀಳುತ್ತವೆ, 13 ಬೀಳುವುದಿಲ್ಲ. ಆ ಹದಿಮೂರರಲ್ಲಿ ಒಂದು ನಿನ್ನೆ ನಮ್ಮ ಪಾಲಿಗೆ ಬಂದಿದೆ. ಮೂರೇ ನೋಬಲ್‌ಗಳಲ್ಲಿ ಕೆಲಸ ಮುಗಿಯುವ ಸಾಧ್ಯತೆ 4,096ರಲ್ಲಿ 56, ಅಂದರೆ ಶೇ. 1.4. ಐದು ಕಳಿಸಿದರೆ ಪ್ರತಿಯೊಂದಕ್ಕೂ ಕನಿಷ್ಠವಾದ 20 ಬಂದರೂ ಮೊತ್ತ 100. ಅಲ್ಲಿ ಅದೃಷ್ಟಕ್ಕೆ ಕೆಲಸವೇ ಇಲ್ಲ.

ಇನ್ನು ಹುಡುಗನ ವಿಷಯ. ಅವನ ನೋಬಲ್ ತಲುಪುವಾಗ ಹಳ್ಳಿಯ ನಿಷ್ಠೆ 26 ಇತ್ತು. ಅವನಿಗೆ 26 ಅಥವಾ ಹೆಚ್ಚು ಬರುವ ಸಾಧ್ಯತೆ 16ರಲ್ಲಿ 10. ಮೊದಲ ಮೂರೂ ಸರಾಸರಿಯಾದ ಇಪ್ಪತ್ತೇಳೂವರೆಗಿಂತ ಕೆಳಗೇ ಇದ್ದವು. ಅವರನ್ನು ಯಾರೂ ಕೇಳಲಿಲ್ಲ. ಸಾಲಿನಲ್ಲಿ ಕೊನೆಗೆ ನಿಂತವನ ಸಂಖ್ಯೆ ಮಾತ್ರ ಎಲ್ಲರ ಕಣ್ಣಿಗೆ ಬಿತ್ತು. ಅದೇ ನಾಲ್ಕು ಸಂಖ್ಯೆಗಳನ್ನು ಬೇರೆ ಕ್ರಮದಲ್ಲಿ ಜೋಡಿಸಿದ್ದರೆ 20 ಮೊದಲಿನವನಿಗೆ ಬರುತ್ತಿತ್ತು, ಕೊನೆಯವನಿಗೆ 27 ಬರುತ್ತಿತ್ತು. ಹಳ್ಳಿ ಆಗಲೂ ಬೀಳುತ್ತಿರಲಿಲ್ಲ.

ಬೈತಖೋಲ (ಕಾರವಾರ)

ಹಾಗಾದರೆ ಎಲ್ಲ ಹಳ್ಳಿಗಳಿಗೂ ಐದೈದು ಕಳಿಸೋಣ. ಇಷ್ಟು ದೊಡ್ಡ ಚರ್ಚೆ ಏಕೆ?

ಅಡಿಕೆತೋಟ (ಶಿರಸಿ)

ಚರ್ಚೆ ಏಕೆಂದರೆ ನಾಣ್ಯದ ಚೀಲ ನನ್ನ ಬಳಿ ಇದೆ, ತಮ್ಮ. ತಂಡದ ಬೊಕ್ಕಸದಿಂದ ನೋಬಲ್‌ಗಳಿಗೆ ಸಾಮಗ್ರಿ ಹೊಂದಿಸುವವಳು ನಾನು. ಪ್ರತಿ ನೋಬಲ್‌ಗೂ ಮೊದಲಿಗಿಂತ ಹೆಚ್ಚು ನಾಣ್ಯ ಬೇಕು. ಮುಂದಿನ ದಾಳಿಗೆ ನಮ್ಮಲ್ಲಿ ಇರುವುದು ಇಪ್ಪತ್ತು; ತುಂಬಾ ಎಳೆದರೆ ಇಪ್ಪತ್ತೊಂದು. ಐದರಂತೆ ಕಳಿಸಿದರೆ ನಾಲ್ಕು ಹಳ್ಳಿಗಳಿಗೇ ಮುಗಿಯುತ್ತದೆ. ನಾಲ್ಕರಂತೆ ಕಳಿಸಿದರೆ ಐದು ಹಳ್ಳಿ.

ಮಾಸ್ತರರ ಲೆಕ್ಕವನ್ನು ಹಿಡಿದರೆ ಐದು ಹಳ್ಳಿಗಳಿಗೆ ಶೇ. 87ರಂತೆ ಸರಾಸರಿ 4.3 ಹಳ್ಳಿ ಸಿಗುತ್ತದೆ. ಐದರಂತೆ ಹೋದರೆ ಖಾತ್ರಿಯಾಗಿ 4, ಅದಕ್ಕಿಂತ ಹೆಚ್ಚಿಲ್ಲ. ಹೀಗಿರುವಾಗ ಖಾತ್ರಿಯ ದಾರಿ ನಮಗೆ ನಷ್ಟದ ದಾರಿಯಲ್ಲವೇ? ಕಳೆದ ಬಾರಿ ನಾಲ್ಕರಂತೆ ಎಂದು ನಿರ್ಧರಿಸಿದಾಗ ಯಾರೂ ಕಣ್ಣು ಮುಚ್ಚಿ ಕುಳಿತಿರಲಿಲ್ಲ. ಸಿಕ್ಕಿದ್ದು ನಾಲ್ಕು, ಲೆಕ್ಕ ಹೇಳುತ್ತಿದ್ದುದೂ ಬಹುಪಾಲು ಅದನ್ನೇ.

ಒಂದು ಮಾತು ನಮ್ಮ ಮನೆಯ ಚಿಕ್ಕವರಿಗಾಗಿ. ಚೌಕಾಬಾರಕ್ಕೆ ನಾಲ್ಕು ಕವಡೆ ಹಾಕುವಾಗ ಎರಡು ಅಂಗಾತ, ಎರಡು ಬೋರಲು ಬೀಳುವುದೇ ಹೆಚ್ಚು. ಕವಡೆ ಎರಡೂ ಬದಿಗೆ ಸಮನಾಗಿ ಬೀಳುತ್ತದೆ ಎಂದುಕೊಂಡರೆ 16ರಲ್ಲಿ 6 ಸಲ ಹಾಗಾಗುತ್ತದೆ; ನಾಲ್ಕೂ ಅಂಗಾತವಾಗುವ ಚೌಕ 16ರಲ್ಲಿ ಒಂದೇ ಸಲ. ನಾಲ್ಕು ನೋಬಲ್‌ಗಳ ಮೊತ್ತವೂ ಹಾಗೆಯೇ ನಡುವಿನಲ್ಲಿ, 110ರ ಆಸುಪಾಸಿನಲ್ಲಿ ಗುಂಪುಗೂಡುತ್ತದೆ. ನಾಲ್ಕೂ 20 ಆಗುವುದು 65,536ರಲ್ಲಿ ಒಮ್ಮೆ ಮಾತ್ರ.

ಗಣಿತ ಮಾಸ್ತರ (ಕುಮಟಾ)

ಅಕ್ಕ ಹೇಳಿದ ಸರಾಸರಿ ಸರಿ. ಆದರೆ ಸರಾಸರಿಯೊಂದನ್ನೇ ನೋಡಿ ಯುದ್ಧಕ್ಕೆ ಇಳಿಯಬೇಡಿ. ನಾಲ್ಕರಂತೆ ಐದು ಹಳ್ಳಿಗಳಿಗೆ ಕಳಿಸಿದಾಗ ಐದೂ ಬೀಳುವ ಸಾಧ್ಯತೆ ಶೇ. 49. ಸರಿಯಾಗಿ ನಾಲ್ಕು ಬೀಳುವುದು ಶೇ. 38ರ ಹತ್ತಿರ. ಮೂರು ಅಥವಾ ಇನ್ನೂ ಕಡಿಮೆ ಬೀಳುವುದು ಶೇ. 13ಕ್ಕೂ ತುಸು ಹೆಚ್ಚು.

ಐದರಲ್ಲಿ ಯಾವ ನಾಲ್ಕು ಬಿದ್ದರೂ ನಡೆಯುತ್ತದೆ ಎನ್ನುವಾಗ ಇದು ಒಳ್ಳೆಯ ಪಣ. ಆದರೆ ಹೆದ್ದಾರಿ66 ಹೇಳಿದಂತೆ ಒಂದು ಹಳ್ಳಿಯ ಮೇಲೆ ಉಳಿದೆಲ್ಲವೂ ನಿಂತಿದ್ದರೆ ಆ ಒಂದಕ್ಕೆ ಶೇ. 13ರ ಅಪಾಯವನ್ನು ಉಳಿದವುಗಳಂತೆಯೇ ಏಕೆ ಇಡಬೇಕು? ಅದಕ್ಕೆ ಐದು ಕಳಿಸಿ, ಬೇರೆ ಒಂದನ್ನು ಕೈಬಿಡಬಹುದಿತ್ತು. ಎಲ್ಲ ಹಳ್ಳಿಗಳೂ ಒಂದೇ ಬೆಲೆಯವು ಎಂದು ತೂಗಿದ್ದರಲ್ಲಿ ನನ್ನ ತಕರಾರು ಇದೆ.

ಸದಾಶಿವಗಡ (ಕಾರವಾರ)

ನೌಕಾಪಡೆಯಲ್ಲಿ ದುಡಿದು ನಿವೃತ್ತನಾದವನು ನಾನು. ಆಟಕ್ಕೆ ಬಂದದ್ದು ಮಗನ ಕಾರಣದಿಂದ. ಇಲ್ಲಿ ಯಾರೂ ಮೀಸಲು ಪಡೆಯ ಮಾತನ್ನೇ ಎತ್ತಲಿಲ್ಲವಲ್ಲ, ಅದು ನನಗೆ ಸೋಜಿಗ.

ಇಪ್ಪತ್ತೊಂದು ನೋಬಲ್ ಸಾಧ್ಯ ಎಂದು ಶಿರಸಿಯ ತಂಗಿ ಹೇಳಿದರು. ಇಪ್ಪತ್ತನ್ನು ಐದು ಹಳ್ಳಿಗಳಿಗೆ ನಾಲ್ಕರಂತೆ ಕಳಿಸಿ. ಇಪ್ಪತ್ತೊಂದನೆಯದನ್ನು ಗುರಿಗಳ ನಡುವಿನ ನಮ್ಮದೇ ಹಳ್ಳಿಯಲ್ಲಿ ಕಾಯಿಸಿ. ಯಾವುದಾದರೂ ಒಂದು ಹಳ್ಳಿ ನಿಲ್ಲುತ್ತದೆ ಎಂದಾದರೆ ಅಲ್ಲಿಗೆ ಮಾತ್ರ ಕಳಿಸಿ. ಐದೂ ಬಿದ್ದರೆ ಅದು ಮನೆಯಲ್ಲೇ ಉಳಿಯುತ್ತದೆ, ಮುಂದಿನ ದಾಳಿಗೆ ಬರುತ್ತದೆ.

ಮಾಸ್ತರರು ಕೊಟ್ಟ ಅಂಕಿಗಳನ್ನೇ ಕೂಡಿಸಿ ನೋಡಿ. ಐದೂ ತಾವಾಗಿ ಬೀಳುವುದು ಶೇ. 49, ಒಂದೇ ಒಂದು ನಿಲ್ಲುವುದು ಶೇ. 38ರ ಹತ್ತಿರ. ಮೀಸಲು ನೋಬಲ್ ಆ ಒಂದನ್ನು ಕೆಡವಿದರೆ ಐದೂ ನಮ್ಮದಾಗುವ ಸಾಧ್ಯತೆ ಶೇ. 87ರ ಹತ್ತಿರಕ್ಕೆ ಬರುತ್ತದೆ. ಇಪ್ಪತ್ತೈದು ನೋಬಲ್‌ಗಳಲ್ಲಿ ಕೊಳ್ಳಬೇಕಿದ್ದ ಖಾತ್ರಿಯ ಬಹುಪಾಲು ಒಂದೇ ಒಂದು ಹೆಚ್ಚುವರಿ ನೋಬಲ್‌ನಲ್ಲಿ ಸಿಗುತ್ತದೆ. ಫಲಿತಾಂಶ ಬರುವ ಮೊದಲೇ ಎಲ್ಲ ಬಲವನ್ನೂ ಹಂಚಿಬಿಡುವುದಕ್ಕೂ ಫಲಿತಾಂಶ ನೋಡಿ ಕೊನೆಯ ಬಲವನ್ನು ಎಲ್ಲಿಗೆ ಹಾಕಬೇಕೆಂದು ತೀರ್ಮಾನಿಸುವುದಕ್ಕೂ ಇಷ್ಟು ವ್ಯತ್ಯಾಸ ಇದೆ.

ಗಣಿತ ಮಾಸ್ತರ (ಕುಮಟಾ)

ಸರ್, ಎದ್ದು ನಿಂತು ಒಪ್ಪುತ್ತೇನೆ. ಇದು ನನಗೆ ಹೊಳೆದಿರಲಿಲ್ಲ.

ನಿಷ್ಠೆ ತಿರುಗಿ ಏರುವುದನ್ನೂ ಸೇರಿಸಿ ನೋಡಿದೆ. ಸಾಮಾನ್ಯ ವೇಗದ ಲೋಕದಲ್ಲಿ (ಆಟದ ಸರ್ವರ್‌ನಲ್ಲಿ) ಅದು ಗಂಟೆಗೆ 1ರಂತೆ ಏರುತ್ತದೆ. ನೋಬಲ್ ಆಟದಲ್ಲೇ ಅತಿ ನಿಧಾನದ ಪಡೆ, ನಕ್ಷೆಯ ಒಂದು ಚೌಕ ದಾಟಲು 35 ನಿಮಿಷ. ಮೀಸಲು ನೋಬಲ್ ನಾಲ್ಕು ಚೌಕದ ದೂರದಲ್ಲಿದ್ದರೆ 2 ಗಂಟೆ 20 ನಿಮಿಷದಲ್ಲಿ ತಲುಪುತ್ತದೆ. ಅಷ್ಟರಲ್ಲಿ ನಿಷ್ಠೆ ಎರಡೋ ಮೂರೋ ಏರಿರುತ್ತದೆ. ನಿನ್ನೆಯ 6 ಹೆಚ್ಚೆಂದರೆ 9 ಆಗುತ್ತಿತ್ತು. ಕನಿಷ್ಠವಾದ 20 ಬಂದರೂ ಅದು ಮುಗಿಯುತ್ತಿತ್ತು. ನಾಲ್ಕು ನೋಬಲ್‌ಗಳ ನಂತರ ನಿಷ್ಠೆ 18 ಅಥವಾ ಹೆಚ್ಚು ಉಳಿಯುವುದು 65,536ರಲ್ಲಿ 15 ಬಗೆಗಳಲ್ಲಿ ಮಾತ್ರ. ಹತ್ತಿರದಲ್ಲಿರುವ ಒಂದು ನೋಬಲ್ ಸಾಕು.

ಬೈತಖೋಲ (ಕಾರವಾರ)

ಆ ಎರಡು ಗಂಟೆ ಎದುರಾಳಿ ಸುಮ್ಮನೆ ಕುಳಿತಿರುತ್ತಾನೆಯೇ? ಸಹಾಯದ ಸೇನೆ ತುಂಬುತ್ತಾನೆ. ಒಂಟಿ ನೋಬಲ್ ಹೋದರೆ ಸಾಯುತ್ತದೆ.

ಸದಾಶಿವಗಡ (ಕಾರವಾರ)

ಸರಿಯಾದ ಪ್ರಶ್ನೆ. ಮೀಸಲಿನ ಜೊತೆಗೆ ಒಂದು ಪೂರ್ಣ ದಾಳಿ ಸೇನೆಯೂ ಕಾಯುತ್ತಿರಬೇಕು. ಅಲ್ಲಿಯೂ ಅದೃಷ್ಟದ ಲೆಕ್ಕ ಬರುತ್ತದೆ, ಅದನ್ನೂ ಹೇಳಿಬಿಡುತ್ತೇನೆ.

ಟ್ರೈಬಲ್ ವಾರ್ಸ್‌ನಲ್ಲಿ ಪ್ರತಿ ಯುದ್ಧಕ್ಕೂ ದಾಳಿಯ ಬಲ ಅದೃಷ್ಟದಿಂದ ಶೇ. 25ರಷ್ಟು ಕುಗ್ಗಬಹುದು ಅಥವಾ ಹಿಗ್ಗಬಹುದು. ನಮ್ಮ ದಾಳಿಯ ಬಲ ಅವರ ರಕ್ಷಣೆಗಿಂತ ಶೇ. 20 ಹೆಚ್ಚಿದೆ ಎಂದುಕೊಳ್ಳಿ. ಮೇಲ್ನೋಟಕ್ಕೆ ಗೆಲುವು ನಮ್ಮದು. ಆದರೆ ಅದೃಷ್ಟದ ಆ ವ್ಯಾಪ್ತಿಯಲ್ಲಿ ಯಾವ ಅಂಕಿ ಬರುವ ಸಾಧ್ಯತೆಯೂ ಸಮಾನ ಎಂದುಕೊಂಡರೆ ಆರರಲ್ಲಿ ಒಂದು ಸಲ ಸೋಲುತ್ತೇವೆ. ಅತಿ ಕೆಟ್ಟ ಅದೃಷ್ಟಕ್ಕೂ ಜಗ್ಗದಿರಲು ಅವರ ಬಲದ ಒಂದೂ ಮೂರನೇ ಒಂದು (ಸುಮಾರು 1.33) ಪಟ್ಟು ಬೇಕು.

ಗೆದ್ದರೂ ಎಷ್ಟು ಉಳಿಯುತ್ತದೆ ಎನ್ನುವುದು ಇನ್ನೊಂದು ವಿಚಾರ. ಅದೃಷ್ಟ ಸೊನ್ನೆ ಎಂದುಕೊಂಡು ಹೇಳುತ್ತೇನೆ: ಒಂದೂ ಮೂರನೇ ಒಂದು ಪಟ್ಟು ಬಲದಿಂದ ಗೆದ್ದರೆ ನಮ್ಮ ಸೇನೆಯ ಶೇ. 65 ಸಾಯುತ್ತದೆ. ಎರಡು ಪಟ್ಟು ಕಳಿಸಿದರೆ ಶೇ. 35, ಮೂರು ಪಟ್ಟು ಕಳಿಸಿದರೆ ಶೇ. 19. ಒಟ್ಟಿಗೆ ಹೋದ ಬಲ ಕಡಿಮೆ ಸಾಯುತ್ತದೆ; ಬಿಡಿಬಿಡಿಯಾಗಿ ಹೋದದ್ದು ಹೆಚ್ಚು ಸಾಯುತ್ತದೆ.

ಆಟದ ಹೊರಗೂ ಇದಕ್ಕೆ ಹತ್ತಿರದ ಗಣಿತ ಇದೆ. ಇಂಗ್ಲೆಂಡಿನ ಎಂಜಿನಿಯರ್ ಫ್ರೆಡೆರಿಕ್ ಲ್ಯಾಂಚೆಸ್ಟರ್ 1916ರಲ್ಲಿ ಪ್ರಕಟಿಸಿದ ವರ್ಗ ನಿಯಮದ ಪ್ರಕಾರ, ದೂರದಿಂದ ಗುಂಡು ಹಾರಿಸುವ ಸಮಾನ ಕೌಶಲದ ಎರಡು ಪಡೆಗಳಲ್ಲಿ 100 ಮಂದಿ 60 ಮಂದಿಯನ್ನು ಎದುರಿಸಿದರೆ ಕೊನೆಗೆ ಸುಮಾರು 80 ಮಂದಿ ಉಳಿಯುತ್ತಾರೆ. ಅದೇ 60 ಮಂದಿ ಮೂವತ್ತರಂತೆ ಎರಡು ಸಲ ಬಂದರೆ ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮಂದಿ ಉಳಿಯುತ್ತಾರೆ. ನಮ್ಮ ಹುಡುಗರು ‘ಮೊದಲು ನನ್ನ ಅರ್ಧ ಸೇನೆ ಹೋಗಲಿ, ನೋಡೋಣ’ ಎನ್ನುವಾಗ ನನಗೆ ಹೊಟ್ಟೆ ಉರಿಯುತ್ತದೆ.

ಹೆದ್ದಾರಿ66 (ಅಂಕೋಲಾ)

ಲೆಕ್ಕ ಒಪ್ಪಿದೆ. ಹುಡುಗನನ್ನು ಕೈಬಿಡುವ ಮಾತನ್ನು ಇಲ್ಲಿಗೆ ಬಿಡುತ್ತೇನೆ. ಆದರೆ ನನ್ನ ಎರಡನೆಯ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ: ಆಟದಲ್ಲಿ ಈ ದಾಳ ಏತಕ್ಕೆ ಬೇಕು?

ಆ್ಯಲನ್ ಕ್ಯಾಲಮರ್ ರೂಪಿಸಿ 1959ರಲ್ಲಿ ಹೊರಬಂದ ‘ಡಿಪ್ಲೊಮಸಿ’ ಹಲಗೆಯಾಟವನ್ನು ನೋಡಿ. ಏಳು ದೇಶಗಳು, ಏಳು ಆಟಗಾರರು, ಒಂದೂ ದಾಳ ಇಲ್ಲ. ಎಲ್ಲರೂ ತಮ್ಮ ಆಜ್ಞೆಗಳನ್ನು ಗುಟ್ಟಾಗಿ ಬರೆದು ಒಟ್ಟಿಗೆ ತೆರೆಯುತ್ತಾರೆ. ಬೆಂಬಲ ಹೆಚ್ಚಿದ್ದವರು ಗೆಲ್ಲುತ್ತಾರೆ, ಸಮನಾದರೆ ಇಬ್ಬರೂ ಇದ್ದಲ್ಲೇ ಉಳಿಯುತ್ತಾರೆ. ಮೊಬೈಲ್‌ನಲ್ಲಿ ಕ್ಲ್ಯಾಶ್ ಆಫ್ ಕ್ಲ್ಯಾನ್ಸ್ ತೆಗೆದುಕೊಳ್ಳಿ. ಅದರ ತಂಡಯುದ್ಧದಲ್ಲಿ 23 ಗಂಟೆ ಸಿದ್ಧತೆಯ ದಿನ, 24 ಗಂಟೆ ಯುದ್ಧದ ದಿನ, ಒಬ್ಬೊಬ್ಬರಿಗೆ ಎರಡು ದಾಳಿ. ಎದುರಾಳಿಯ ಕೋಟೆಯನ್ನು ಮೊದಲೇ ನೋಡಿ, ಯಾವ ಮೂಲೆಯಿಂದ ನುಗ್ಗಬೇಕು ಎಂದು ತಂಡವೇ ಕುಳಿತು ತೀರ್ಮಾನಿಸಬಹುದು. ಹೊಡೆತದ ಬಲಕ್ಕೆ ಅಲ್ಲಿ ಯಾರೂ ದಾಳ ಉರುಳಿಸುವುದಿಲ್ಲ. ಸೋತರೆ ಸೋತವರ ಕಾರಣಕ್ಕೇ ಸೋಲು. ಅದು ನ್ಯಾಯ ಎನಿಸುತ್ತದೆ.

ಯಾಣದ ಬಂಡೆ (ಶಿರಸಿ, ಕಾಲೇಜು)

ಅಣ್ಣ, ಅನಿಸುವುದು ಬೇರೆ, ಇರುವುದು ಬೇರೆ. ಸಿವಿಲೈಸೇಶನ್ ಆಟವನ್ನು ರೂಪಿಸಿದ ಸಿಡ್ ಮಯರ್ 2010ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನ ಭಾಷಣದಲ್ಲಿ ಇದೇ ವಿಷಯ ಎತ್ತಿದ್ದರು. ಗೆಲುವಿನ ಅನುಪಾತ ಮೂರಕ್ಕೆ ಒಂದು ಎಂದು ತೆರೆಯ ಮೇಲೆ ತೋರಿಸಿದಾಗ ಆಟಗಾರರು ಅದನ್ನು ಖಾತ್ರಿ ಗೆಲುವು ಎಂದೇ ಓದುತ್ತಾರೆ, ಸೋತರೆ ಆಟವೇ ಮೋಸ ಮಾಡಿತು ಎನ್ನುತ್ತಾರೆ. ಅದೇ ಅನುಪಾತ ತಮಗೆ ವಿರುದ್ಧವಾಗಿದ್ದು ತಾವು ಗೆದ್ದರೆ ಯಾರೂ ದೂರುವುದಿಲ್ಲ. ಕೊನೆಗೆ ಆಟವನ್ನೇ ಆಟಗಾರರ ಮನಸ್ಸಿಗೆ ತಕ್ಕಂತೆ ತಿದ್ದಬೇಕಾಯಿತು ಎಂದು ಅವರು ಹೇಳಿದರು.

ಜಪಾನಿನ ಫೈರ್ ಎಂಬ್ಲೆಮ್ ಸರಣಿಯ ಹಲವು ಆಟಗಳು ಇನ್ನೂ ಮುಂದೆ ಹೋಗಿವೆ. ಒಂದರ ಬದಲು ಎರಡು ಯಾದೃಚ್ಛಿಕ ಸಂಖ್ಯೆಗಳನ್ನು ತೆಗೆದು ಅವುಗಳ ಸರಾಸರಿ ನೋಡುತ್ತವೆ. ತೆರೆಯ ಮೇಲೆ ಶೇ. 90 ಎಂದಿದ್ದರೆ ಏಟು ತಗಲುವ ನಿಜವಾದ ಸಾಧ್ಯತೆ ಶೇ. 98. ಡೋಟಾ 2 ಎಂಬ ಆಟದಲ್ಲಿ ಬೇರೊಂದು ಉಪಾಯ: ಶೇ. 25 ಎಂದು ಬರೆದಿರುವ ವಿಶೇಷ ಹೊಡೆತಕ್ಕೆ ಮೊದಲ ಸಲ ಸುಮಾರು ಶೇ. 8.5 ಮಾತ್ರ ಸಾಧ್ಯತೆ. ತಪ್ಪಿದಷ್ಟೂ ಅದು ಏರುತ್ತಾ ಹೋಗುತ್ತದೆ, ಬಿದ್ದ ಕೂಡಲೇ ಮೊದಲಿಗೆ ಮರಳುತ್ತದೆ. ದೀರ್ಘಕಾಲದ ಸರಾಸರಿ ಶೇ. 25 ಆಗಿಯೇ ಉಳಿಯುತ್ತದೆ, ಆದರೆ ದುರದೃಷ್ಟದ ಉದ್ದದ ಸರಪಳಿ ಇರುವುದಿಲ್ಲ.

ನನ್ನ ಅಭಿಪ್ರಾಯ ಹೇಳುತ್ತೇನೆ. ಫೈರ್ ಎಂಬ್ಲೆಮ್‌ನ ರೀತಿ ಒಬ್ಬನೇ ಆಡುವಾಗ ಹಿತ. ತಂಡವಾಗಿ ಆಡುವಲ್ಲಿ ನನಗೆ ಅದು ಬೇಡ. ತೋರಿಸಿದ ಅಂಕಿಯೇ ನಿಜವಲ್ಲದಿದ್ದರೆ ಮಾಸ್ತರರು ನಿನ್ನೆಯ ಲೆಕ್ಕವನ್ನು ಮಾಡುವುದು ಹೇಗೆ? ಶೇ. 13 ಎನ್ನುವುದು ಶೇ. 13 ಆಗಿಯೇ ಇರಲಿ, ಅದಕ್ಕೆ ತಕ್ಕ ಯೋಜನೆಯನ್ನು ನಾವು ಮಾಡಿಕೊಳ್ಳುತ್ತೇವೆ.

ಸದಾಶಿವಗಡ (ಕಾರವಾರ)

ದಾಳ ತೆಗೆದುಹಾಕಿದರೆ ಅನಿಶ್ಚಿತತೆ ಹೋಗುವುದಿಲ್ಲ, ಬೇರೆ ಕಡೆಗೆ ಸರಿಯುತ್ತದೆ. ಡಿಪ್ಲೊಮಸಿಯಲ್ಲಿ ಪಕ್ಕದವನು ಕೊಟ್ಟ ಮಾತಿಗೆ ನಿಲ್ಲುತ್ತಾನೋ ಇಲ್ಲವೋ ಎನ್ನುವುದೇ ದಾಳ.

ಪ್ರಷ್ಯಾದ ಸೇನಾಧಿಕಾರಿ ಗೆಯಾರ್ಗ್ ಫಾನ್ ರೈಸ್ವಿಟ್ಜ್ 1824ರಲ್ಲಿ ತನ್ನ ತಂದೆ ಶುರುಮಾಡಿದ್ದ ಯುದ್ಧದ ಆಟವನ್ನು ತಿದ್ದಿ ಸೇನೆಗೆ ಕೊಟ್ಟ. ಅದಕ್ಕೆ ಕ್ರೀಗ್ಸ್‌ಸ್ಪೀಲ್ ಎಂದು ಹೆಸರು. ಅಧಿಕಾರಿಗಳ ತರಬೇತಿಗಾಗಿಯೇ ಮಾಡಿದ ಆಟ, ಆದರೂ ಅದರಲ್ಲಿ ದಾಳ ಇತ್ತು. ಹಾರಿಸಿದ ಗುಂಡೆಲ್ಲ ಗುರಿಗೆ ತಾಗುವುದಿಲ್ಲ ಎನ್ನುವುದು ಅವನಿಗೆ ಗೊತ್ತಿತ್ತು. ನಿಯಮಗಳು ಬೆಳೆದು ಭಾರವಾದಾಗ 1876ರಲ್ಲಿ ವೆರ್ಡಿ ದು ವೆರ್ನುವಾ ಎಂಬ ಇನ್ನೊಬ್ಬ ಅಧಿಕಾರಿ ದಾಳವನ್ನೂ ಕೋಷ್ಟಕಗಳನ್ನೂ ಬದಿಗಿಟ್ಟು, ಅನುಭವಿ ತೀರ್ಪುಗಾರ ಹೇಳಿದ್ದೇ ಫಲಿತಾಂಶ ಎಂಬ ಪದ್ಧತಿಯನ್ನು ಮುಂದಿಟ್ಟ. ಆಟದ ವೇಗ ಹೆಚ್ಚಿತು, ಆದರೆ ಎಲ್ಲವೂ ತೀರ್ಪುಗಾರನ ಮೇಲೆ ನಿಂತಿತು. ಎರಡರಲ್ಲಿ ನನ್ನ ಆಯ್ಕೆ ದಾಳವೇ. ದಾಳಕ್ಕೆ ಪಕ್ಷಪಾತ ಇಲ್ಲ, ಅದರ ಸ್ವಭಾವವನ್ನು ಕಾಗದದ ಮೇಲೆ ಲೆಕ್ಕ ಹಾಕಬಹುದು.

ಹೆದ್ದಾರಿ66 (ಅಂಕೋಲಾ)

ನಿಮ್ಮ ಮಾತಿಗೆ ಗೌರವ ಇದೆ ಸರ್. ಆದರೂ ದಾಳಿಗೆ ಮೊದಲು ಬರುವ ಅದೃಷ್ಟ ನನಗೆ ಒಪ್ಪಿಗೆ, ದಾಳಿಯ ನಂತರ ಬರುವುದು ಅಲ್ಲ. ನಕ್ಷೆ ಹೇಗೆ ಬಂತು, ಪಕ್ಕದಲ್ಲಿ ಯಾರು ಬಂದರು ಎನ್ನುವುದೆಲ್ಲ ಮೊದಲೇ ಗೊತ್ತಾಗುತ್ತದೆ, ಅದನ್ನು ನೋಡಿ ಹೆಜ್ಜೆ ಇಡುತ್ತೇನೆ. ಹೆಜ್ಜೆ ಇಟ್ಟ ಮೇಲೆ ನೆಲ ಕುಸಿಯುವುದು ನನಗೆ ಬೇಡ. ಈ ವಿಷಯದಲ್ಲಿ ನಾವು ಒಪ್ಪುವುದಿಲ್ಲ ಎಂದು ಕಾಣುತ್ತದೆ.

ಕಾಳಿತೀರ (ಕಾರವಾರ)

ಮೀಸಲು ನೋಬಲ್ ಇದ್ದರೆ ದಾಳಿಯ ನಂತರದ ಅದೃಷ್ಟವೂ ಮುಂದಿನ ಹೆಜ್ಜೆಗೆ ಮೊದಲಿನ ಅದೃಷ್ಟವಾಗುತ್ತದೆ. ನಿಷ್ಠೆ 6 ಉಳಿದಿದೆ ಎಂದು ತಿಳಿದ ಮೇಲೆಯೇ ಅದನ್ನು ಕಳಿಸುತ್ತೇವೆ. ಇದನ್ನು ಯೋಚಿಸಿ ನೋಡಿ.

ಈಗ ಎಲ್ಲರೂ ಮರೆತ ಇನ್ನೊಂದು ದಾಳದ ಬಗ್ಗೆ. ಈ ಆಟದಲ್ಲಿ ಪಡೆ ಹೊರಡುವ ಸೆಕೆಂಡಿಗೆ ಕಳಿಸುವವರು ತೆರೆಯ ಮುಂದೆ ಇರಬೇಕು. ಒಂದು ದಾಳಿಗೆ ಐವರು ಬೇಕು, ಒಬ್ಬೊಬ್ಬರೂ ಆ ಕ್ಷಣಕ್ಕೆ ಸಿಗುವ ಸಾಧ್ಯತೆ ಶೇ. 90 ಎಂದುಕೊಳ್ಳಿ. ಐವರೂ ಸಿಗುವ ಸಾಧ್ಯತೆ ಶೇ. 59 ಮಾತ್ರ. ಹತ್ತು ಮಂದಿ ಬೇಕಾದರೆ ಶೇ. 35. ನೋಬಲ್‌ನ 13ಕ್ಕಿಂತ ಇದು ಎಷ್ಟು ದೊಡ್ಡ ಅಪಾಯ ನೋಡಿ!

ನಮ್ಮ ಜಿಲ್ಲೆಯಲ್ಲಿ ಶೇ. 90 ಎನ್ನುವುದೇ ಉದಾರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುವುದರಿಂದ ಬೈತಖೋಲದ ಗೆಳೆಯರು ಈಗ ದಡದಲ್ಲಿದ್ದಾರೆ, ಎಲ್ಲ ರಾತ್ರಿಗಳಿಗೂ ಸಿಗುತ್ತಾರೆ. ಆದರೆ ಅದೇ ಎರಡು ತಿಂಗಳು ಮಳೆ ಸುರಿಯುವುದೂ ಹೌದು, ಕರೆಂಟ್ ಹೋಗುವುದೂ ಹೌದು. ಘಟ್ಟದ ಮೇಲಿನವರು ಹಗಲಿಡೀ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಕೆಲಸದಲ್ಲಿ ಇರುತ್ತಾರೆ. ಕುಮಟಾದಿಂದ ಶಿರಸಿಗೆ ಹೋಗುವ ಬಸ್ಸಿನಲ್ಲಿ ಕುಳಿತವರು ದೇವಿಮನೆ ಘಟ್ಟದಲ್ಲಿ ಮೊಬೈಲ್ ಹಿಡಿದು ಪ್ರಯೋಜನವಿಲ್ಲ. ಕೈಗಾದಲ್ಲಿ ಪಾಳಿ ಕೆಲಸ ಮಾಡುವವರ ವೇಳೆ ವಾರವಾರಕ್ಕೆ ಬದಲಾಗುತ್ತದೆ. ಇವೆಲ್ಲ ಗೊತ್ತಿದ್ದೂ ‘ರಾತ್ರಿ ಹನ್ನೊಂದಕ್ಕೆ ಎಲ್ಲರೂ ಇರಬೇಕು’ ಎಂದು ಬರೆದು ಕೈತೊಳೆದುಕೊಂಡರೆ ಅದು ಯೋಜನೆಯಲ್ಲ.

ಆದ್ದರಿಂದ ನನ್ನ ಬೇಡಿಕೆ ಹೀಗಿದೆ: ಒಂದು ಹಳ್ಳಿಯ ನಾಲ್ಕೂ ನೋಬಲ್‌ಗಳನ್ನು ಒಬ್ಬರೇ ಕಳಿಸಲಿ, ನಾಲ್ವರು ಬೇಡ. ಒಬ್ಬರ ಮೇಲೆ ನಿಂತ ಹಳ್ಳಿಗೆ ಶೇ. 90, ನಾಲ್ವರ ಮೇಲೆ ನಿಂತ ಹಳ್ಳಿಗೆ ಶೇ. 66. ಒಬ್ಬರೇ ಕಳಿಸಿದರೆ ನಾಲ್ಕು ಪಡೆಗಳ ನಡುವೆ ಎದುರಾಳಿಯ ಸಹಾಯದ ಸೇನೆ ನುಸುಳಲು ಸಂದು ಸಿಗುವುದೂ ಕಡಿಮೆ.

ಶರಾವತಿ (ಹೊನ್ನಾವರ)

ನಿನ್ನೆಯ ಕೊನೆಯ ನೋಬಲ್ ನನ್ನದು. ಮೇಲಿನದೆಲ್ಲವನ್ನೂ ಓದಿದೆ. ಮಾಸ್ತರರಿಗೆ, ಕಾಳಿತೀರ ಅಣ್ಣನಿಗೆ ಧನ್ಯವಾದ. ಹೆದ್ದಾರಿ66 ಅಣ್ಣ, ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ. ‘ಹಿಂದೆಯೂ ಕಡಿಮೆ ಬಂದಿತ್ತು’ ಎಂದಿರಿ. ನನ್ನ ಹಳೆಯ ವರದಿಗಳನ್ನೆಲ್ಲ ಗುಂಪಿಗೆ ಹಾಕಿದ್ದೇನೆ, ಅದರಲ್ಲಿ 33 ಮತ್ತು 35 ಕೂಡ ಇವೆ.

ಒಂದು ಸಲಹೆ. ಇನ್ನು ಮುಂದೆ ಪ್ರತಿ ದಾಳಿಗೆ ಮೊದಲು ಯಾವ ಹಳ್ಳಿಗೆ ಎಷ್ಟು ಸಾಧ್ಯತೆ ಎಂದು ಪಟ್ಟಿಯಲ್ಲಿ ಬರೆದಿಡೋಣ. ದಾಳಿ ಮುಗಿದ ಮೇಲೆ ಆ ಪಟ್ಟಿಯನ್ನು ಮುಂದಿಟ್ಟುಕೊಂಡು ಮಾತನಾಡೋಣ. ನಿನ್ನೆ ಮೊದಲೇ ‘ಐದನೆಯ ಹಳ್ಳಿ: ಶೇ. 87’ ಎಂದು ಬರೆದಿದ್ದರೆ ರಾತ್ರಿ ಇಷ್ಟು ಮಾತು ಬರುತ್ತಿರಲಿಲ್ಲ.

ಹೆದ್ದಾರಿ66 (ಅಂಕೋಲಾ)

ವರದಿಗಳನ್ನು ನೋಡಿದೆ ತಮ್ಮ. ಪಟ್ಟಿ ಬರೆಯುವ ಕೆಲಸವನ್ನು ನಾನು ಮಾಡುತ್ತೇನೆ.

ಅಡಿಕೆತೋಟ (ಶಿರಸಿ)

ಹಾಗಾದರೆ ಶನಿವಾರಕ್ಕೆ ಹೀಗೆ ಇಡುತ್ತೇನೆ. ಒಟ್ಟು ಇಪ್ಪತ್ತೊಂದು ನೋಬಲ್. ಬಾಗಿಲ ಹಳ್ಳಿಗೆ ಐದು. ಅದನ್ನು ಅದೃಷ್ಟದ ಕೈಗೆ ಕೊಡುವುದು ಬೇಡ. ಬೇರೆ ಮೂರು ಹೊಸ ಗುರಿಗಳಿಗೆ ನಾಲ್ಕರಂತೆ ಹನ್ನೆರಡು. ಮೀಸಲು ಒಂದು. ಅಲ್ಲಿಗೆ ಹದಿನೆಂಟು. ಮಿಕ್ಕ ಮೂರನ್ನು ಈ ಸಲ ಹೊರಗೆ ಕಳಿಸುವುದಿಲ್ಲ, ಎದುರಾಳಿಗಳು ತಿರುಗಿ ಬಿದ್ದರೆ ಕಳೆದುಕೊಂಡ ಹಳ್ಳಿಯನ್ನು ಮರಳಿ ಪಡೆಯಲು ಬೇಕು. ಬಾಗಿಲ ಹಳ್ಳಿಯಲ್ಲಿ ಈಗ ಸಹಾಯದ ಸೇನೆ ತುಂಬಿದೆ, ಆದ್ದರಿಂದ ಅಲ್ಲಿ ಕಾವಲು ಅಳಿಸಲು ಅವರ ಬಲದ ಎರಡು ಪಟ್ಟು ಕಳಿಸಬೇಕು. ಅದಕ್ಕೆ ಸೇನೆ ಯಾರಲ್ಲಿದೆ?

ಬೈತಖೋಲ (ಕಾರವಾರ)

ನನ್ನ ಮೂರು ಹಳ್ಳಿಗಳಲ್ಲಿ ದಾಳಿ ಸೇನೆ ತುಂಬಿದೆ. ಮೂರನ್ನೂ ಒಂದರ ಹಿಂದೆ ಒಂದು ಕಳಿಸಿದರೆ ಎರಡು ಪಟ್ಟು ದಾಟುತ್ತದೆ.

ಸದಾಶಿವಗಡ (ಕಾರವಾರ)

ಒಂದರ ಹಿಂದೆ ಒಂದು ಬೇಡ. ಮೂರು ಹಳ್ಳಿಗಳಿಂದ ಹೊರಟ ಪಡೆಗಳು ಒಂದೇ ಯುದ್ಧವಾಗಿ ಸೇರುವುದಿಲ್ಲ, ಮೂರು ಬೇರೆ ಯುದ್ಧಗಳಾಗುತ್ತವೆ. ಮೊದಲು ಹೋದದ್ದು ಪೂರ್ತಿ ಸಾಯಬಹುದು. ಮೊದಲು ಗೋಡೆ ಒಡೆಯುವ ಯಂತ್ರಗಳಿರುವ ನಿಮ್ಮ ಅತಿ ಬಲದ ಪಡೆ ಹೋಗಲಿ. ಗೋಡೆ ಇಳಿದರೆ ಅವರ ರಕ್ಷಣೆಯ ಬಲವೇ ಇಳಿಯುತ್ತದೆ. ಆಮೇಲೆ ಹೋಗುವ ಪಡೆಗೆ ಎರಡು ಪಟ್ಟು ತಾನಾಗಿ ಸಿಗಬಹುದು. ಅದಕ್ಕೂ ಮೊದಲು ಬೇಹುಗಾರರನ್ನು ಕಳಿಸಿ ಗೋಡೆ ಯಾವ ಹಂತದಲ್ಲಿದೆ ಎಂದು ನೋಡಿ ಹೇಳಿ. ಆ ಅಂಕಿ ಇಲ್ಲದೆ ಶನಿವಾರದ ಪಟ್ಟಿಗೆ ಸಾಧ್ಯತೆ ಬರೆಯಲು ಆಗುವುದಿಲ್ಲ.

ಬೈತಖೋಲ (ಕಾರವಾರ)

ಬೇಹುಗಾರರು ಹೊರಟಿದ್ದಾರೆ. ರಾತ್ರಿ ಒಂಬತ್ತರೊಳಗೆ ವರದಿ ಹಾಕುತ್ತೇನೆ. ಇಲ್ಲಿ ಕರೆಂಟ್ ಹೋದರೆ ಮಾಸ್ತರರಿಗೆ ಕರೆ ಮಾಡಿ ಅಂಕಿಗಳನ್ನು ಹೇಳುತ್ತೇನೆ, ಅವರು ಹಾಕಲಿ.